ಮಾರಲೋ, ಇಡಲೋ? ಹಿಡಿಯಲೋ, ಬಿಡಲೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವುಗಳ ದನಿ ಒಂದೇ: "ಧೈರ್ಯ ಬಂದಮ್ಯಾಲ ನಿರ್ಧಾರ ಮಾಡೂಣು ಅಂತ ಕುಂತೀನಿ, ಧೈರ್ಯ ಬರವಲ್ದು." ನಾಲ್ಕು ಪತ್ರ ಆರಿಸಿದ್ದೇವೆ. ಹೆಸರು ಬಿಟ್ಟಿದ್ದೇವೆ.

ಹೋದ ವರ್ಷ ರೇಟು ಏರತೈತಿ ಅಂತ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹಾಕಿದೆ, ಇಳೀತು. ಈ ವರ್ಷ 12 ಕ್ವಿಂಟಲ್ ಕಡ್ಡಿ ತಳಿ ಮೆಣಸಿನಕಾಯಿ ಐತಿ, ಮ್ಯಾಲ 1,40,000 ಕೈಗಡ. ದಲಾಲಿ ಅಂಗಡ್ಯಾಗ ಲಾಟ್ ಹಚ್ಚಿ, ಖರೀದಿದಾರರು ಬರದ ಟೆಂಡರ್ ರೇಟು ನೋಡಿ ಎರಡು ಸಲ 'ಬ್ಯಾಡ' ಅಂದು ಬಂದೀನಿ. ಮನ್ಯಾಗ 'ನಿನಗ ತಿಳಿಯೂದಿಲ್ಲ ಬಿಡು' ಅಂತಾರ.
— ಬ್ಯಾಡಗಿ ತಾಲೂಕಿನ ರೈತ

ಹೋದ ವರ್ಷ ನಷ್ಟವಾದದ್ದು ನಿಜ. ನಿರ್ಧಾರ ತಪ್ಪಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಅಂದು ನಿಮಗೆ ಗೊತ್ತಿದ್ದಷ್ಟರಲ್ಲಿ ಲೆಕ್ಕ ಹಾಕಿ ಇಟ್ಟಿದ್ದರೆ ನಿರ್ಧಾರ ಸರಿಯೇ, ಫಲ ಕೆಟ್ಟಿತು. ಲೆಕ್ಕವಿಲ್ಲದೆ, ಪಕ್ಕದ ಹೊಲದವರು ಇಟ್ಟರೆಂದು ಇಟ್ಟಿದ್ದರೆ, ರೇಟು ಏರಿದ್ದರೂ ಅದು ತಪ್ಪೇ. ಫಲ ತಿಳಿದ ಮೇಲೆ "ನನಗ ಮೊದಲ ಅನಸಿತ್ತು" ಎಂದು ನೆನಪು ತನ್ನನ್ನೇ ತಿದ್ದಿಕೊಳ್ಳುತ್ತದೆ. ಮನೋವಿಜ್ಞಾನಿ ಬರೂಕ್ ಫಿಶಾಫ್ 1975ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದರು. ಮನೆಯವರು ಈಗ ಆಡುವ ಮಾತಿನಲ್ಲಿಯೂ ಇದರ ಪಾಲಿದೆ.

ಈಗ "ಏರಬಹುದು" ಎಂಬ ಮಾತಿಗೆ ಅಂಕಿ ಹಚ್ಚಿ. ಉದಾಹರಣೆಗೆ ಇಂದಿನ ಟೆಂಡರ್ ಕ್ವಿಂಟಲಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ಕೈಗಡ ತೀರಿಸಬಹುದಾದ ಒಂದು ಕ್ವಿಂಟಲನ್ನು ಮಾರದೆ ಇಟ್ಟರೆ, ಆ 20,000ದ ಕೈಗಡಕ್ಕೆ ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಹಿಡಿದರೆ ಆರು ತಿಂಗಳಿಗೆ 2,400. ಸ್ಟೋರೇಜಿನ ಬಾಡಿಗೆ, ಹಮಾಲಿ ಸೇರಿ ಕ್ವಿಂಟಲಿಗೆ 350 ಎನ್ನಿ. ನಿಮ್ಮ ರಸೀದಿಯ ಅಂಕಿಯನ್ನೇ ಹಾಕಿಕೊಳ್ಳಿ. ಅಂದರೆ ಆರು ತಿಂಗಳ ಮೇಲೆ 22,750 ಬಂದರೆ ಇಂದು ಮಾರಿದ್ದಕ್ಕೆ ಸಮ, ಒಂದು ರೂಪಾಯಿ ಲಾಭವಿಲ್ಲ. ನೂರಕ್ಕೆ ಸುಮಾರು 14 ಏರಿಕೆ ಬೇಕು. ನಿಮ್ಮ ದಲಾಲಿ ಅಂಗಡಿಯವರ ಹಳೆಯ ಪಟ್ಟಿಗಳಲ್ಲಿ ಯಾವ ಯಾವ ವರ್ಷ ಅಷ್ಟು ಏರಿದೆ ಎಂದು ನೋಡಿ. ಐದರಲ್ಲಿ ಒಂದು ವರ್ಷ ಮಾತ್ರ ಏರಿದ್ದರೆ ಇಡುವುದು ಜೂಜು.

ಆದರೆ "ಎಲ್ಲ ಮಾರು" ಅಥವಾ "ಎಲ್ಲ ಇಡು" ಎಂಬ ಎರಡೇ ದಾರಿ ಎಂದು ಯಾರು ಹೇಳಿದರು? 7 ಕ್ವಿಂಟಲ್ ಮಾರಿದರೆ 1,40,000 ಕೈಗೆ ಬಂತು, ಕೈಗಡ ತೀರಿತು. ಉಳಿದ 5 ಕ್ವಿಂಟಲಿನ ಮೇಲೆ ಬಡ್ಡಿಯ ಭಾರವೇ ಇಲ್ಲ. ಅದಕ್ಕೆ 20,350 ದಾಟಿದರೆ ಸಾಕು. ಸಾಲ ಹೊತ್ತು ಇಡುವವನಿಗೂ ಸಾಲ ತೀರಿಸಿ ಇಡುವವನಿಗೂ ಇರುವ ಅಂತರ ಇಷ್ಟು. ಕೈ ನಡುಗುವುದು ನಿಲ್ಲುವುದೂ ಬಹುಪಾಲು ಇಲ್ಲಿಂದಲೇ.

ಉಳಿದ 5 ಕ್ವಿಂಟಲಿಗೆ ಇಂದೇ ಮೂರು ಗೆರೆ ಬರೆಯಿರಿ: ಎಷ್ಟಕ್ಕೆ ಏರಿದರೆ ಮಾರುವುದು, ಎಷ್ಟಕ್ಕೆ ಇಳಿದರೂ ಮಾರುವುದು, ಎರಡೂ ಆಗದಿದ್ದರೆ ಯಾವ ತಾರೀಖಿಗೆ ಮಾರುವುದು. ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ. ಆಮೇಲೆ ಮುಂದಿನ ಸುಗ್ಗಿಯ ಹೊಸ ಮಾಲು ಪೇಟೆಗೆ ಬಂದಾಗ ಹಳೆಯದು ಮೂಲೆಗೆ ಬೀಳುತ್ತದೆ.

ಇದನ್ನು ಮೊಬೈಲಿನಲ್ಲಲ್ಲ, ವಹಿಯಲ್ಲಿ ಪೆನ್ನಿನಿಂದ ಬರೆಯಿರಿ. ಮೊಬೈಲಿನದು ಗುಟ್ಟಾಗಿ ತಿದ್ದಲು ಬರುತ್ತದೆ. ತಾರೀಖು, ಆ ದಿನದ ರೇಟು, ಇದ್ದ ದಾರಿಗಳು, ಒಂದನ್ನು ಆರಿಸಿದ್ದಕ್ಕೆ ಕಾರಣ, ಮತ್ತೆ ನೋಡುವ ದಿನ. ಅರ್ಧ ಪುಟ ಸಾಕು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದಂತೆ, "ನನ್ನಿಂದಾದೀತು" ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬುನಾದಿ ತಾನೇ ಮಾಡಿ ಮುಗಿಸಿದ ಕೆಲಸ. ಮಂದಿ ಬೆನ್ನು ತಟ್ಟಿದ್ದಕ್ಕೆ ಅಷ್ಟು ಬಲವಿಲ್ಲ. ವರ್ಷಕ್ಕೆ ಇಂಥ ಹತ್ತು ಪುಟ ತುಂಬಿದರೆ "ನಿನಗ ತಿಳಿಯೂದಿಲ್ಲ" ಎಂದವರ ಮುಂದೆ ವಾದ ಬೇಡ, ವಹಿ ತೆರೆದರಾಯಿತು.

ಅಂಗಡಿ ಮುಚ್ಚಿ ಎರಡು ತಿಂಗಳಾತು. ರಾತ್ರಿ ಮೂರಕ್ಕ ಎಚ್ಚರಾಗಿ ಎದಿ ಡವಡವ ಅಂತೈತಿ. ಆಗ ಮಾಡಿದ ನಿರ್ಧಾರ ಬೆಳಿಗ್ಗೆ ಹುಚ್ಚ ಅನಸ್ತೈತಿ.
— ಹುಬ್ಬಳ್ಳಿಯ ವ್ಯಾಪಾರಿ

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾವ ನಿರ್ಧಾರವೂ ಇಲ್ಲ ಎಂದು ಮೊದಲೇ ಗೆರೆ ಎಳೆಯಿರಿ. ಸಂಜೆ ಆರಕ್ಕೆ 20 ನಿಮಿಷ ಕುಳಿತು ಚಿಂತೆಗಳನ್ನು ಕಾಗದಕ್ಕಿಳಿಸಿ. ಪ್ರತಿಯೊಂದರ ಮುಂದೆ ನಾಳೆ ಮಾಡಬಹುದಾದ ಒಂದೇ ಕೆಲಸ ಬರೆಯಿರಿ, ಇಲ್ಲವೇ "ನನ್ನ ಕೈಯಾಗಿಲ್ಲ" ಎನ್ನಿ. ಮೂರಕ್ಕೆ ಅದೇ ಚಿಂತೆ ಬಂದರೆ ಅದರ ಪಾಳಿ ಸಂಜೆ ಆರಕ್ಕೆ.

ಎದೆ ಹೊಡೆದುಕೊಂಡಾಗ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ; ಐದು ನಿಮಿಷ. ಹೊರಗೆ ಬಿಡುವ ಉಸಿರು ಉದ್ದವಾದಷ್ಟು ಎದೆಬಡಿತ ನಿಧಾನವಾಗುತ್ತದೆ. ತಪ್ಪುವುದು ಎಲ್ಲಿ ಎಂದರೆ, ಮಂದಿ ಜೋರಾಗಿ ಉಸಿರೆಳೆದು ತಲೆ ತಿರುಗಿಸಿಕೊಳ್ಳುತ್ತಾರೆ. 20 ನಿಮಿಷಕ್ಕೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಿ. ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ಅಂಗಡಿಯ ರೂಢಿಯಂತೆ ರಾತ್ರಿ ಎಂಟಕ್ಕೆ ಕುಡಿಯುವ ಕಟ್ ಚಹಾ ಬಿಡಿ.

ಇನ್ನೊಂದು ಮಾತು, ಒಬ್ಬರೇ ಹೊರಬೇಡಿ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಗಮನಿಸಿದರು. ಬಡತನ, ಜಗಳದ ಮನೆಗಳಲ್ಲಿ ಬೆಳೆದವರಲ್ಲೂ ಮೂವರಲ್ಲಿ ಒಬ್ಬರು ನೆಟ್ಟಗೆ ಬೆಳೆದರು. ಅವರಿಗೆ ಕೈಬಿಡದ ಒಬ್ಬ ಹಿರಿಯರಾದರೂ ಇದ್ದರು. ನಿಮಗೂ ಒಬ್ಬರು ಸಾಕು, ಹತ್ತು ಮಂದಿಯ ಸಲಹೆ ಬೇಡ. ಎರಡು ವಾರದ ಮೇಲೂ ನಿದ್ದೆ, ಊಟ, ಆಸಕ್ತಿ ಮರಳದಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಸಾಯುವ ಯೋಚನೆ ಸುಳಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿ ನೌಕರಿ ಪರೀಕ್ಷೆಗೆ ಮೂರು ವರ್ಷ ಓದೀನಿ. ಮೂರು ಪರೀಕ್ಷೆ ಹೋತು. ಊರಿಗೆ ಹೋಗಲೋ, ಇನ್ನೊಂದು ವರ್ಷ ನೋಡಲೋ? ಅವ್ವಗ ಹೆಂಗ ಹೇಳಲಿ?
— ಧಾರವಾಡದಲ್ಲಿರುವ ಅಭ್ಯರ್ಥಿ

ಹೋದ ಮೂರು ವರ್ಷ, ಖರ್ಚಾದ ಹಣ ಎರಡೂ ಲೆಕ್ಕದಿಂದ ಹೊರಗಿರಲಿ. ನೀವು ಇದ್ದರೂ ಹೋದರೂ ಅವು ಮರಳುವುದಿಲ್ಲ. ಪ್ರಶ್ನೆ ಹೀಗೆ ಕೇಳಿಕೊಳ್ಳಿ: ಇವತ್ತೇ ಮೊದಲ ಸಲ ಧಾರವಾಡಕ್ಕೆ ಬಂದು, ಈಗಿನ ಅಂಕವೇ ಕೈಯಲ್ಲಿದ್ದರೆ, ಒಂದು ವರ್ಷ ಕೊಡುತ್ತಿದ್ದಿರಾ?

ಉತ್ತರ ನಿಮ್ಮ ಅಂಕಕ್ಕೂ ಕಟ್ ಆಫ್‌ಗೂ (ಆಯ್ಕೆಯಾದ ಕೊನೆಯವರ ಅಂಕ) ಇರುವ ಅಂತರದಲ್ಲಿದೆ. ಮೂರು ಪರೀಕ್ಷೆಯಲ್ಲಿ 30, 18, 7 ಅಂಕ ಕಡಿಮೆ ಬಿದ್ದಿದ್ದರೆ ಇನ್ನೊಂದು ಯತ್ನಕ್ಕೆ ಅರ್ಥವಿದೆ. 30, 28, 29 ಆಗಿದ್ದರೆ ಓದುವ ಬಗೆಯೇ ಬದಲಾಗಬೇಕು, ವರ್ಷ ಸೇರಿಸಿದರೆ ಪ್ರಯೋಜನವಿಲ್ಲ. ತಪ್ಪಾದ ಪ್ರಶ್ನೆಗಳನ್ನು ವಿಂಗಡಿಸಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಓದುವಾಗ ಎಡವಿದೆ, ಅಂದಾಜಿಗೆ ಹೊಡೆದೆ. ಎರಡನೆಯ ರಾಶಿ ದೊಡ್ಡದಿದ್ದರೆ ಹೊಸ ಪುಸ್ತಕ ಕೊಳ್ಳಬೇಡಿ, ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆ ಬಿಡಿಸಿ.

ಅಂದಾಜಿನದಕ್ಕೂ ಲೆಕ್ಕವಿದೆ. ನಾಲ್ಕು ಆಯ್ಕೆ, ತಪ್ಪಿಗೆ ಕಾಲು ಅಂಕ ಕಡಿತ ಎಂದರೆ, 16 ಪ್ರಶ್ನೆಗೆ ಕಣ್ಣು ಮುಚ್ಚಿ ಹೊಡೆದಾಗ ಸರಾಸರಿ 4 ಸರಿ, 12 ತಪ್ಪು. ನಿವ್ವಳ ಒಂದೇ ಅಂಕ. ಎರಡು ಆಯ್ಕೆ ಖಂಡಿತ ಅಲ್ಲ ಎಂದು ತೆಗೆದು ಹೊಡೆದರೆ 8 ಸರಿ, 8 ತಪ್ಪು, ನಿವ್ವಳ 6. ಅದಕ್ಕೇ ಎರಡು ಆಯ್ಕೆ ತೆಗೆಯಲು ಬಂದರೆ ಗುರುತು ಹಾಕಿ, ಅಂಜಿ ಖಾಲಿ ಬಿಡಬೇಡಿ. ಪರೀಕ್ಷೆಯ ಹೊರಗೂ ಬೇಕಾದ ಅಭ್ಯಾಸ ಇದು.

ಅವ್ವನ ಮುಂದೆ "ನೋಡೂಣು" ಎನ್ನಬೇಡಿ, ಆ ಮಾತೇ ಆಕೆಯ ನಿದ್ದೆ ಕೆಡಿಸುವುದು. "ಅವ್ವಾ, ಇನ್ನೊಂದ ಪರೀಕ್ಷೆ ಬರೀತೀನಿ. ಅಂತರ ಹತ್ತರೊಳಗ ಬರಲಿಲ್ಲಂದ್ರ ರೂಮ್ ಖಾಲಿ ಮಾಡ್ತೀನಿ, ಅಷ್ಟರಾಗ ಬ್ಯಾರೆ ಕೆಲಸಕ್ಕೂ ಅರ್ಜಿ ಹಾಕಿರ್ತೀನಿ." ಅಂಕಿ, ಗಡುವು, ಮುಂದಿನ ದಾರಿ ಮೂರೂ ಆ ಮಾತಿನಲ್ಲಿವೆ. ಬೇರೆ ಕೆಲಸದ ಹುಡುಕಾಟಕ್ಕೆ ವಾರಕ್ಕೆ ನಾಲ್ಕು ತಾಸು ಈಗಿನಿಂದಲೇ ತೆಗೆದಿಡಿ.

ಕಾಕಾ ತಮ್ಮ ಬ್ಯಾಂಕ್ ಸಾಲಕ್ಕ ಜಾಮೀನು ಹಾಕು, ಬರೇ ಸಹಿ ಅಷ್ಟ ಅಂದ್ರು. ಎದುರಿಗೆ ಬಂದ್ರ ಇಲ್ಲ ಅನ್ನಾಕ ಬಾಯಿ ಬರೂದಿಲ್ಲ.
— ಗದಗ-ಬೆಟಗೇರಿಯ ಓದುಗರು

"ಬರೇ ಸಹಿ" ಎಂಬುದು ಸುಳ್ಳು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಾಕಾ ಕಟ್ಟದಿದ್ದರೆ ಬ್ಯಾಂಕು ನೇರ ನಿಮ್ಮ ಬಾಗಿಲಿಗೆ ಬರಬಹುದು. ಆದ್ದರಿಂದ ಕೇಳಿಕೊಳ್ಳಬೇಕಾದದ್ದು ಕಾಕಾ ಒಳ್ಳೆಯವರೇ ಎಂದಲ್ಲ, ಈ ಸಾಲ ಪೂರ್ತಿ ನಾನೇ ತೀರಿಸುವ ಪ್ರಸಂಗ ಬಂದರೆ ತೀರಿಸಬಲ್ಲೆನೇ ಎಂದು.

ಬಾಯಿ ಬರದವರಿಗೆ ಉಪಾಯ, ಅಂದೇ ಉತ್ತರ ಕೊಡದಿರುವುದು. "ಕಾಕಾರ, ಸಹಿ ವಿಚಾರ ಇದ್ರ ಒಂದ ದಿನ ತಡದು ಹೇಳೂದು ನಮ್ಮ ಮನಿ ಪದ್ಧತಿ, ನಾಳಿ ಹೇಳ್ತೀನ್ರಿ." ಮರುದಿನ ಫೋನಿನಲ್ಲಿ, ಎದುರಿಗಲ್ಲ: "ಜಾಮೀನು ನನ್ನಿಂದ ಆಗೂದಿಲ್ರಿ. ಇಷ್ಟು ರೊಕ್ಕ ಕೈಲಾದದ್ದು ಕೊಡ್ತೀನಿ, ತಿರುಗಿ ಬ್ಯಾಡ." ತಿರುಗಿ ಬಾರದಿದ್ದರೂ ಅಡಚಣೆ ಆಗದಷ್ಟು ಮೊತ್ತವನ್ನೇ ಹೇಳಿ. ಕಾರಣ ಕೊಡುತ್ತ ಹೋಗಬೇಡಿ. ಒಂದೊಂದು ಕಾರಣಕ್ಕೂ ಕಾಕಾರ ಹತ್ತಿರ ಒಂದು ಪರಿಹಾರ ಇರುತ್ತದೆ, ಕೊನೆಗೆ ನಿಮ್ಮ ಕೈಯಲ್ಲಿ ಪೆನ್ನು ಇರುತ್ತದೆ.