ಅಧಿಕಾರ ಹಸ್ತಾಂತರ ಸುಗಮವಾಗಲು ವಿದ್ವಾಂಸರ ಸಂಶೋಧನೆ ನಿಜವಾಗಿ ನೆರವಾದದ್ದುಂಟೇ?

ಒಂದು ನಾಡಿನ ಸಾರ್ವಭೌಮಾಧಿಕಾರ ಕೈಬದಲಾಗುವಾಗ ಸಂಶೋಧನೆ ಕೆಲಸಕ್ಕೆ ಬಂದ ಉದಾಹರಣೆ ಇದೆಯೇ ಅಥವಾ ಅದು ಕಪಾಟು ಸೇರುವ ಕಾಗದವೇ ಎಂದು ಕೇಳಿದ್ದೀರಿ. ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಷ್ಟು ಕಾಲ ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದ ಉದಾಹರಣೆಯೊಂದಿದೆ: ಆಫ್ರಿಕಾ ಖಂಡದ ನೈರುತ್ಯದಲ್ಲಿರುವ ನಮೀಬಿಯಾ.

ಮೊದಲು ಜರ್ಮನಿಯ ವಸಾಹತಾಗಿದ್ದ ಆ ನಾಡು ಮೊದಲ ಮಹಾಯುದ್ಧದ ನಂತರ ದಕ್ಷಿಣ ಆಫ್ರಿಕಾದ ಆಡಳಿತಕ್ಕೆ ಒಳಪಟ್ಟಿತು. 1966ರಲ್ಲಿ ವಿಶ್ವಸಂಸ್ಥೆ ಆ ಆಡಳಿತದ ಅಧಿಕಾರವನ್ನು ರದ್ದುಮಾಡಿತು. 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ದಕ್ಷಿಣ ಆಫ್ರಿಕಾ ಅಲ್ಲಿರುವುದು ಕಾನೂನುಬಾಹಿರ ಎಂದಿತು. ಆದರೂ ಅದು ಕದಲಲಿಲ್ಲ. ಕಪ್ಪು ಜನರ ಮಕ್ಕಳಿಗೆ ಬೇಕೆಂದೇ ಕಳಪೆ ಶಿಕ್ಷಣ ಕೊಡುತ್ತಿದ್ದ ಕಾಲ ಅದು. ನಾಳೆ ಸ್ವಾತಂತ್ರ್ಯ ಬಂದರೆ ಕಂದಾಯ ಇಲಾಖೆ ನಡೆಸುವವರು ಯಾರು, ಕಾನೂನಿನ ಕರಡು ಬರೆಯುವವರು ಯಾರು, ಶಾಲೆಯಲ್ಲಿ ಪಾಠ ಹೇಳುವವರು ಯಾರು?

ಈ ಪ್ರಶ್ನೆಗೆ ಉತ್ತರವಾಗಿ 1976ರಲ್ಲಿ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ವಿಶ್ವಸಂಸ್ಥೆಯ ನಮೀಬಿಯಾ ಸಂಸ್ಥೆ ಆರಂಭವಾಯಿತು. ಇನ್ನೂ ಹುಟ್ಟದ ದೇಶವೊಂದರ ಆಡಳಿತಕ್ಕಾಗಿ ಪರದೇಶದಲ್ಲಿ ತೆರೆದ ಶಾಲೆ ಅದು! ದೇಶ ಬಿಟ್ಟು ಓಡಿಬಂದ ತರುಣ ತರುಣಿಯರಿಗೆ ಅಲ್ಲಿ ಆಡಳಿತ, ಕಾನೂನು, ಬೋಧನೆಯ ತರಬೇತಿ ಕೊಟ್ಟರು. ಜೊತೆಗೆ ಕೃಷಿ, ಗಣಿ, ಮೀನುಗಾರಿಕೆ, ಆರೋಗ್ಯ, ಸಂವಿಧಾನದ ಸಾಧ್ಯತೆಗಳು ಹೀಗೆ ಒಂದೊಂದು ವಿಷಯವನ್ನೂ ಕುರಿತು ಅಧ್ಯಯನ ನಡೆಸಿದರು. ಸ್ವತಂತ್ರ ನಮೀಬಿಯಾದ ಪುನರ್ನಿರ್ಮಾಣ ಹೇಗಿರಬೇಕು ಎಂಬುದರ ಬೃಹತ್ ವರದಿ 1986ರಲ್ಲಿ ಹೊರಬಂದಿತು. ಸ್ವಾತಂತ್ರ್ಯ ಬಂದದ್ದು 1990ರ ಮಾರ್ಚ್ 21ರಂದು.

ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ‘ಹಾಗೆ ಗೈಂಗೊಬ್’ (Hage Geingob) ಎಂಬ ನಮೀಬಿಯಾದವರು. 1989ರಲ್ಲಿ ತಾಯ್ನಾಡಿಗೆ ಮರಳಿದ ಅವರೇ ಸಂವಿಧಾನ ಸಭೆಯ ಅಧ್ಯಕ್ಷರಾದರು, ಮರುವರ್ಷ ಮೊದಲ ಪ್ರಧಾನಿಯಾದರು. ಸಂಶೋಧನೆಯ ಬಲ ವರದಿಯ ಹಾಳೆಗಳಲ್ಲಿದ್ದದ್ದಕ್ಕಿಂತ ಹೆಚ್ಚಾಗಿ, ಹತ್ತಾರು ವರ್ಷ ಅದೇ ಪ್ರಶ್ನೆಗಳೊಂದಿಗೆ ಗುದ್ದಾಡಿ ಪಳಗಿದ ಇಂಥವರಲ್ಲಿತ್ತು ಎಂಬುದು ನನ್ನ ದೃಢವಾದ ನಂಬಿಕೆ.

ಸಂವಿಧಾನ ರಚನೆಯನ್ನೇ ನೋಡಿ. ಸಂವಿಧಾನ ಸಭೆಯ ಚುನಾವಣೆಯಲ್ಲಿ, ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ಸ್ವಾಪೊ ಪಕ್ಷ 72ರಲ್ಲಿ 41 ಸ್ಥಾನ ಗೆದ್ದಿತು. ಸಂವಿಧಾನದ ಅಂಗೀಕಾರಕ್ಕೆ ಬೇಕಿದ್ದ ಮೂರನೇ ಎರಡರಷ್ಟು ಬಹುಮತ ಸಿಗಲಿಲ್ಲ. ಎಲ್ಲರನ್ನೂ ಒಪ್ಪಿಸಿಯೇ ಮುಂದುವರಿಯಬೇಕಿತ್ತು. 1982ರಲ್ಲೇ ಮಾತುಕತೆಯಲ್ಲಿ ರೂಪುಗೊಂಡಿದ್ದ ಸಂವಿಧಾನದ ತತ್ತ್ವಗಳನ್ನು ಸಭೆ ಮೊದಲ ದಿನವೇ ಒಮ್ಮತದಿಂದ ಅಂಗೀಕರಿಸಿತು. ಕರಡನ್ನು ಒಪ್ಪಗೊಳಿಸಲು ಮೂವರು ಕಾನೂನು ತಜ್ಞರನ್ನು ಕರೆದರು. ಮೂವರೂ ದಕ್ಷಿಣ ಆಫ್ರಿಕಾದವರೇ. ಅವರಲ್ಲಿ ಮರೀನಸ್ ವೀಶರ್ಸ್ ಮತ್ತು ಗೆರ್ಹಾರ್ಡ್ ಎರಾಸ್ಮಸ್ ಕಾನೂನು ಪ್ರಾಧ್ಯಾಪಕರು. ಯಾರ ಆಳ್ವಿಕೆಯಿಂದ ಬಿಡುಗಡೆಯಾಗುತ್ತಿದ್ದರೋ ಅದೇ ದೇಶದ ವಿದ್ವಾಂಸರನ್ನು ಕರೆಯಲು ಎಷ್ಟು ಧೈರ್ಯ, ಎಷ್ಟು ವಿಶ್ವಾಸ ಬೇಕು! 1990ರ ಫೆಬ್ರುವರಿ 9ರಂದು, ಮೂರು ತಿಂಗಳೂ ತುಂಬುವ ಮೊದಲೇ, ಸಂವಿಧಾನ ಸರ್ವಾನುಮತದಿಂದ ಅಂಗೀಕಾರವಾಯಿತು.

ಎಲ್ಲವೂ ಸುಗಮವಾಗಿತ್ತು ಎಂದರೆ ತಪ್ಪಾಗುತ್ತದೆ. 1989ರ ಏಪ್ರಿಲ್ ಆರಂಭದಲ್ಲಿ, ಪರಿವರ್ತನೆಯ ಮೊದಲ ದಿನಗಳಲ್ಲೇ, ಉತ್ತರದ ಗಡಿಯಲ್ಲಿ ಸ್ವಾಪೊ ಹೋರಾಟಗಾರರಿಗೂ ದಕ್ಷಿಣ ಆಫ್ರಿಕಾದ ಪಡೆಗಳಿಗೂ ನಡೆದ ಕಾಳಗದಲ್ಲಿ ನೂರಾರು ಜನ ಸತ್ತರು. ಅದನ್ನು ತಡೆಯಲು ಯಾವ ಅಧ್ಯಯನಕ್ಕೂ ಆಗಲಿಲ್ಲ. ಆಗ ಪರಿವರ್ತನೆಯ ಮೇಲ್ವಿಚಾರಣೆಗಿದ್ದ ವಿಶ್ವಸಂಸ್ಥೆಯ ಸೇನಾ ತುಕಡಿಗಳ ನೇತೃತ್ವ ವಹಿಸಿದ್ದವರು ಭಾರತದ ಲೆಫ್ಟಿನೆಂಟ್ ಜನರಲ್ ಪ್ರೇಮ್ ಚಂದ್.

ನನ್ನನ್ನು ಹೆಚ್ಚು ಕಾಡುವುದು ಭಾಷೆಯ ವಿಚಾರ. ಸ್ವತಂತ್ರ ನಮೀಬಿಯಾಕ್ಕೆ ಇಂಗ್ಲಿಷ್ ಅಧಿಕೃತ ಭಾಷೆಯಾಗಬೇಕು ಎಂದು ಲುಸಾಕಾದ ಸಂಸ್ಥೆ 1981ರಲ್ಲೇ ಅಧ್ಯಯನ ಪ್ರಕಟಿಸಿತ್ತು. ಹೆಚ್ಚು ಜನರಿಗೆ ತಿಳಿದಿದ್ದ ಆಫ್ರಿಕಾನ್ಸ್, ದಕ್ಷಿಣ ಆಫ್ರಿಕಾದ ಬಿಳಿಯ ಆಡಳಿತಗಾರರ ಭಾಷೆ, ದಬ್ಬಾಳಿಕೆಯ ನುಡಿ. ಒಂದು ಸ್ಥಳೀಯ ಭಾಷೆಯನ್ನು ಆರಿಸಿದರೆ ಉಳಿದವರಿಗೆ ನೋವು. ಇಂಗ್ಲಿಷ್ ಯಾರದೂ ಅಲ್ಲದ್ದರಿಂದ ಎಲ್ಲರನ್ನೂ ಒಗ್ಗೂಡಿಸುತ್ತದೆ ಎಂಬುದು ಅದರ ತರ್ಕ. ರಾಜಕೀಯವಾಗಿ ಅದನ್ನು ನಾನು ಒಪ್ಪುತ್ತೇನೆ. ಆದರೆ ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ ಮೇಷ್ಟರು, ಅದನ್ನು ಮನೆಯಲ್ಲಿ ಕೇಳಿಯೇ ಇಲ್ಲದ ಮಕ್ಕಳಿಗೆ ಆ ಭಾಷೆಯಲ್ಲೇ ವಿಜ್ಞಾನ ಕಲಿಸಬೇಕಾಗಿ ಬಂದಿತು. ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಪಾಠ ಹೇಳಿದ ನನಗೆ ಆ ಮಕ್ಕಳ ಸಂಕಟ ದೂರದ್ದೆನಿಸುವುದಿಲ್ಲ. ದೇಶದೊಳಗಿನ ತರಗತಿಗಳಲ್ಲಿ ಕೂತು ನೋಡುವ ಅವಕಾಶ ಗಡಿಪಾರಾಗಿದ್ದ ಆ ಸಂಶೋಧಕರಿಗೆ ಇರಲಿಲ್ಲ. ಸರ್ಕಾರ ಕೈಬದಲಾಗುವ ದಿನವನ್ನು ಗುರಿಯಾಗಿಟ್ಟ ಅಧ್ಯಯನ ಅದು. ಮಗು ಮೊದಲ ಬಾರಿ ಪಠ್ಯಪುಸ್ತಕ ತೆರೆಯುವ ದಿನ ಅದರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಬಂದರು ಪಟ್ಟಣ ವಾಲ್ವಿಸ್ ಬೇ ಮಾತ್ರ 1990ರಲ್ಲೂ ದಕ್ಷಿಣ ಆಫ್ರಿಕಾದ ಕೈಯಲ್ಲೇ ಉಳಿಯಿತು. 1992ರಿಂದ ಎರಡೂ ದೇಶಗಳು ಸೇರಿ ಅದರ ಆಡಳಿತ ನಡೆಸಿ, 1994ರ ಮಾರ್ಚ್ 1ರಂದು ಒಂದು ಗುಂಡೂ ಹಾರದೆ ಅದು ನಮೀಬಿಯಾಕ್ಕೆ ಸೇರಿತು. ನಿಮ್ಮ ಪ್ರಶ್ನೆಯಲ್ಲಿರುವ ‘ಸುಗಮ’ ಎಂಬ ಮಾತು ಪೂರ್ತಿಯಾಗಿ ಒಪ್ಪುವುದು ಈ ಹಸ್ತಾಂತರಕ್ಕೆ. ಓದಲು ತೊಡಗುವುದಿದ್ದರೆ ಇಲ್ಲಿಂದಲೇ ತೊಡಗಿ.