ಫ್ರೀಮನ್ ಹ್ರಬೌಸ್ಕಿ ಎಲ್ಲಿಂದ ಬಂದರು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಬೆನ್ನಿಗೆ ನಿಲ್ಲುವವರ ಹಿನ್ನೆಲೆ ಎಂಥದ್ದು ಎಂದು ಕೇಳಿದ್ದೀರಿ. ನನಗೆ ಮೊದಲು ನೆನಪಾಗುವುದು ಶಿಕ್ಷಣ ತಜ್ಞ ಫ್ರೀಮನ್ ಹ್ರಬೌಸ್ಕಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. 1963ರಲ್ಲಿ, ಬರೀ 12 ವರ್ಷದ ಹುಡುಗ, ಮಾರ್ಟಿನ್ ಲೂಥರ್ ಕಿಂಗ್ ಮಾತು ಕೇಳಿ, ವರ್ಣಭೇದದ ವಿರುದ್ಧ ನಡೆದ ಮಕ್ಕಳ ಮೆರವಣಿಗೆಯಲ್ಲಿ ನಡೆದರು. ಐದು ದಿನ ಜೈಲು! ಬಿಳಿಯರ ಮಕ್ಕಳಿಗೆ ಸಿಗುವ ಒಳ್ಳೆ ಓದು ತನಗೂ ಬೇಕು, ಅಷ್ಟೇ ಅವರು ಕೇಳಿದ್ದು. ನೆನೆದರೆ ನನಗೆ ಈಗಲೂ ಹೊಟ್ಟೆ ಕಲಸುತ್ತದೆ.

ಆಮೇಲೆ ಗಣಿತ ಓದಿದರು, 24ಕ್ಕೇ ಡಾಕ್ಟರೇಟ್. 1988ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಓದುವ ಕಪ್ಪು ವಿದ್ಯಾರ್ಥಿಗಳಿಗೆಂದು ಮೇಯರ್‌ಹಾಫ್ ವಿದ್ಯಾರ್ಥಿವೇತನ ಯೋಜನೆ ಶುರು ಮಾಡಿದವರಲ್ಲಿ ಅವರೂ ಒಬ್ಬರು. ಸುಮ್ನೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳುವ ಯೋಜನೆಯಲ್ಲ. ಬೇಸಿಗೆ ತರಗತಿ, ಗುಂಪಾಗಿ ಓದು, ಲ್ಯಾಬಿನಲ್ಲಿ ಕೆಲಸ, ಎಲ್ಲ ಇದೆ. ಕೊರೋನಾ ಲಸಿಕೆಗಾಗಿ ದುಡಿದ ವಿಜ್ಞಾನಿ ಕಿಜ್‌ಮೇಕಿಯಾ ಕಾರ್ಬೆಟ್ ಈ ಯೋಜನೆಯಲ್ಲೇ ಓದಿದವರು.