ಎರಡನೇ ಸಲ ಕರೆದಾಗ ಹಳೇ ಹೆಸರುಗಳೂ ಯಾಕೆ ಬರುತ್ತವೆ?

ನಿಮ್ಮ ಪೈಥಾನ್ ಫಂಕ್ಷನ್ ಮೊದಲ ಸಲ ಸರಿಯಾದ ಲಿಸ್ಟ್ ಕೊಡುತ್ತದೆ, ಎರಡನೇ ಸಲ ಹಳೇ ಹೆಸರುಗಳನ್ನೂ ಸೇರಿಸಿ ಕೊಡುತ್ತದೆ, ಎರರ್ ಮೆಸೇಜ್ ಮಾತ್ರ ಒಂದೂ ಇಲ್ಲ ಅಂದಿದ್ದೀರಿ. ಲೂಪ್‌ನಲ್ಲಿ ಹುಡುಕಬೇಡಿ. ತಪ್ಪು ಇರೋದು ಡೆಫ್ (def) ಸಾಲಿನಲ್ಲಿ, ಅಂದರೆ ಫಂಕ್ಷನ್ ಶುರುವಾಗೋ ಸಾಲಿನಲ್ಲಿ. ಅಲ್ಲಿ ಡಿಫಾಲ್ಟ್ ಆಗಿ, ಅಂದರೆ ಕರೆಯುವಾಗ ಏನೂ ಕೊಡದಿದ್ದರೆ ಬಳಸೋಕೆ, ಖಾಲಿ ಲಿಸ್ಟ್ ಕೊಟ್ಟಿದ್ದೀರಿ, ಅಲ್ವಾ?

ಕರೆದಾಗೆಲ್ಲ ಹೊಸ ಲಿಸ್ಟ್ ಸಿಗುತ್ತದೆ ಅಂತ ನೋಡಿದವರಿಗೆ ಅನ್ನಿಸುತ್ತದೆ. ಹಾಗಲ್ಲ. ಡೆಫ್ ಸಾಲು ಓಡಿದಾಗ ಪೈಥಾನ್ ಆ ಲಿಸ್ಟನ್ನು ಒಂದೇ ಸಲ ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಲಿಸ್ಟ್ ಕೊಡದೆ ಕರೆದಾಗೆಲ್ಲ ಅದನ್ನೇ ಎತ್ತಿ ಕೊಡುತ್ತದೆ. ಮೊದಲ ಸಲ ಅಪೆಂಡ್ ಮಾಡಿದ್ದು (ಕೊನೆಗೆ ಸೇರಿಸಿದ್ದು) ಅದರಲ್ಲೇ ಉಳಿದಿರುತ್ತದೆ.

ನಾನು ಹೇಳಿದೆ ಅಂತ ಸುಮ್ನೆ ನಂಬಬೇಡಿ, ನೀವೇ ನೋಡಿ. ಫಂಕ್ಷನ್ ಒಳಗಿನ ಮೊದಲ ಸಾಲಿನಲ್ಲೇ ಆ ಲಿಸ್ಟನ್ನೂ ಅದರ ಐಡಿಯನ್ನೂ (ಅದು ಯಾವ ಲಿಸ್ಟ್ ಅಂತ ಗುರುತಿಸೋ ನಂಬರ್, id() ಕೊಡುತ್ತದೆ) ಪ್ರಿಂಟ್ ಮಾಡಿ. ಈಗ ನೀವು ಪ್ರಿಂಟ್ ಹಾಕಿರೋದು ಕೊನೆಯಲ್ಲಿ, ಅದರಿಂದ ಏನೂ ಗೊತ್ತಾಗೋದಿಲ್ಲ. ಒಳಗೆ ಬರುವಾಗಲೇ ಲಿಸ್ಟ್ ತುಂಬಿತ್ತಾ ಅನ್ನೋದು ಮುಖ್ಯ. ಎರಡೂ ಸಲ ಒಂದೇ ಐಡಿ ಬಂದು, ಎರಡನೇ ಸಲ ಹಳೇ ಹೆಸರು ಆಗಲೇ ಕೂತಿದ್ದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ. ಪ್ರಿಂಟ್ ಬೇಡ ಅನ್ನಿಸಿದರೆ ಅದೇ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಫಂಕ್ಷನ್ ಕರೆಯಿರಿ, ಪ್ರೋಗ್ರಾಂ ಅಲ್ಲೇ ನಿಂತು ಒಳಗೇನಿದೆ ಅಂತ ನೋಡೋಕೆ ಬಿಡುತ್ತದೆ. ಪೈಥಾನ್ 3.7ರಿಂದ ಅದು ಇದೆ.

ಸರಿಪಡಿಸೋದು ಸುಲಭ. ಡಿಫಾಲ್ಟ್ ಜಾಗದಲ್ಲಿ 'ನನ್' (None, ಪೈಥಾನ್‌ನಲ್ಲಿ 'ಏನೂ ಇಲ್ಲ' ಅನ್ನೋದು) ಹಾಕಿ. ಒಳಗೆ ಒಂದು 'ಇಫ್' ಬರೆದು, ಬಂದಿದ್ದು 'ನನ್' ಆಗಿದ್ದರೆ ಅಲ್ಲೇ ಹೊಸ ಲಿಸ್ಟ್ ಮಾಡಿಕೊಳ್ಳಿ. ಡಿಕ್ಷನರಿ, ಸೆಟ್ ಇದ್ದರೂ ಇದೇ ಕಾಟ. ನಂಬರ್, ಸ್ಟ್ರಿಂಗ್‌ಗೆ ಈ ತೊಂದರೆ ಇಲ್ಲ, ಅವು ಇದ್ದಲ್ಲೇ ಬದಲಾಗೋದಿಲ್ಲ.

ಮಿಕ್ಕ ಫೈಲ್‌ಗಳ ಮೇಲೂ ಒಮ್ಮೆ ಪೈಲಿಂಟ್ (ಪೈಥಾನ್ ಕೋಡ್ ತಪ್ಪು ಹುಡುಕೋ ಟೂಲ್) ಓಡಿಸಿ. ಇಂಥ ಡಿಫಾಲ್ಟ್ ಕಂಡರೆ ಅದೇ ಎಚ್ಚರಿಸುತ್ತದೆ.